ನಾಲ್ಕು ವರ್ಷದಿಂದ ಬಳಸುತ್ತಿರುವ ಸ್ಪ್ಯಾನಿಷ್ ನಿಘಂಟು: ಗುಣವಾಚಕದಲ್ಲಿ ಎಡವುವವರಿಗಾಗಿ ಒಂದು ವಿಮರ್ಶೆ

ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ನಮ್ಮ ತಂಡ ನೋಡಿಕೊಳ್ಳುವುದು ಮೆಕ್ಸಿಕೋದ ಇನ್‌ವಾಯ್ಸ್‌ಗಳನ್ನು. ದಿನಕ್ಕೆ ಹತ್ತು ಹದಿನೈದು ಮೇಲ್ ಸ್ಪ್ಯಾನಿಷ್‌ನಲ್ಲೇ ಹೋಗಬೇಕು. ಕನ್ನಡದಲ್ಲಾದರೆ 'ಮಾನ್ಯರೇ' ಅಂತ ಶುರು ಮಾಡಿದರೆ ಸಾಕು. ಗಂಡಸೋ ಹೆಂಗಸೋ, ಒಬ್ಬರೋ ಹತ್ತು ಜನರೋ, ಅದೇ ಮಾತು ಎಲ್ಲರಿಗೂ ಸಲ್ಲುತ್ತದೆ. ಸ್ಪ್ಯಾನಿಷ್‌ನಲ್ಲಿ ಗಂಡಸಿಗೆ 'ಎಸ್ತಿಮಾದೊ', ಹೆಂಗಸಿಗೆ 'ಎಸ್ತಿಮಾದಾ', ಹಲವರಿದ್ದರೆ 'ಎಸ್ತಿಮಾದೊಸ್', ಹಲವರೂ ಹೆಂಗಸರೇ ಆದರೆ 'ಎಸ್ತಿಮಾದಾಸ್'. ಮೇಲ್‌ನ ಮೊದಲ ಪದದಲ್ಲೇ ಪರೀಕ್ಷೆ.

ಮೊದಲ ಎಂಟು ತಿಂಗಳು ದುಡ್ಡು ಕಟ್ಟಿ ಒಂದು ಆ್ಯಪ್ ಬಳಸಿದೆ. ಹೆಸರು ಬೇಡ. ಅದರಲ್ಲಿ 'ಲಾ ಮೇಸಾ' ಅಂತ ಮೇಜಿನ ಪದ ಬಂದು, ಕೆಳಗೆ ಕೆಂಪು ಅನ್ನುವುದಕ್ಕೆ ರೋಹೊ, ರೋಹಾ, ರೋಹೊಸ್, ರೋಹಾಸ್ ಅಂತ ನಾಲ್ಕು ಉತ್ತರ ಇರುತ್ತಿತ್ತು. ಮುಂದೆ ಸ್ತ್ರೀಲಿಂಗದ ಗುರುತಾದ 'ಲಾ' ಕಾಣುತ್ತಿದೆಯಲ್ಲ, 'ರೋಹಾ' ಒತ್ತುತ್ತಿದ್ದೆ. ನೂರಕ್ಕೆ ನೂರು ಅಂಕ. ಆದರೆ ನಾನೇ ಮೇಲ್ ಬರೆಯಲು ಕೂತಾಗ ಆ 'ಲಾ' ಹಾಕಿಕೊಡುವವರು ಯಾರು? ಕೈ ನಿಂತುಬಿಡುತ್ತಿತ್ತು. ನನಗೆ ತಿಳಿಯಲು ಇಷ್ಟು ಕಾಲ ಬೇಕಾಯಿತು: ಗುಣವಾಚಕದ ಕೊನೆ ಹೇಗೆ ಬದಲಾಗುತ್ತದೆ ಅನ್ನುವುದು ನನಗೆ ಬಾಯಿಪಾಠ ಇತ್ತು. ಗೊತ್ತಿಲ್ಲದೆ ಇದ್ದದ್ದು ನಾಮಪದದ ಲಿಂಗ.

ಆಗ ಹಿಡಿದದ್ದು ಮ್ಯಾಡ್ರಿಡ್‌ನ ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾದ ನಿಘಂಟು. 1713ರಲ್ಲಿ ಹುಟ್ಟಿದ ಸ್ಪ್ಯಾನಿಷ್ ಭಾಷಾ ಅಕಾಡೆಮಿ ಅದು. ಅವರ ಮೊದಲ ನಿಘಂಟು 1726ರಿಂದ 1739ರ ನಡುವೆ ಆರು ಸಂಪುಟಗಳಲ್ಲಿ ಬಂತು. ನಾನು ಬಳಸುತ್ತಾ ಬಂದದ್ದು 2014ರ 23ನೇ ಆವೃತ್ತಿ. ಅದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಆಗಾಗ ಹೊಸದನ್ನು ಸೇರಿಸುತ್ತಲೂ ಇರುತ್ತಾರೆ. ನಾಲ್ಕು ವರ್ಷದಿಂದ ನನ್ನ ಫೋನಿನಲ್ಲಿ ದಿನಾ ತೆರೆಯುವ ಪುಟ ಇದು.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾದದ್ದು ಎರಡು ಚಿಕ್ಕ ಗುರುತುಗಳು. ಮೊದಲನೆಯದು, ಗುಣವಾಚಕದ ಬಾಲ. 'ರೋಹೊ' ಹುಡುಕಿದರೆ ತಲೆಬರಹದಲ್ಲೇ 'ರೋಹೊ, ಹಾ' ಅಂತ ಇರುತ್ತದೆ. ಹೆಣ್ಣು ರೂಪ ಬೇರೆ ಇದೆ ಅಂತ ಅರ್ಥ. ಹಸಿರು ಅನ್ನುವ 'ಬೆರ್ದೆ'ಗೆ ಬಾಲ ಇಲ್ಲ, ನೀಲಿ ಅನ್ನುವ 'ಅಸೂಲ್'ಗೂ ಇಲ್ಲ. ಅಂದರೆ ಅವು ಲಿಂಗಕ್ಕೆ ಬಗ್ಗುವುದಿಲ್ಲ, ಬಹುವಚನಕ್ಕೆ ಮಾತ್ರ 'ಬೆರ್ದೆಸ್', 'ಅಸೂಲೆಸ್' ಆಗುತ್ತವೆ. ಹಿಂದಿ ಬಲ್ಲವರಿಗೆ ಇದು ಬೇಗ ಹತ್ತುತ್ತದೆ. 'ಅಚ್ಛಾ' ಹುಡುಗಿಗೆ 'ಅಚ್ಛೀ' ಆಗುತ್ತದೆ, 'ಲಾಲ್' ಹಾಗೇ ಇರುತ್ತದೆ, ಅಲ್ವಾ?

ವ್ಯಂಜನದಲ್ಲಿ ಮುಗಿಯುವ ಪದಗಳಲ್ಲಿ ಈ ಬಾಲದ ಬೆಲೆ ಗೊತ್ತಾಗುತ್ತದೆ. 'ಇಂಗ್ಲೇಸ್' ಅಂದರೆ ಇಂಗ್ಲೆಂಡಿನ, 'ಕೊರ್ತೇಸ್' ಅಂದರೆ ವಿನಯದ. ಎರಡರ ಕೊನೆಯೂ ಒಂದೇ ಥರ. ಆದರೆ ನಿಘಂಟಿನಲ್ಲಿ 'ಇಂಗ್ಲೇಸ್, ಸಾ' ಅಂತಿದೆ, 'ಕೊರ್ತೇಸ್' ಒಂಟಿಯಾಗಿದೆ. ಇಂಗ್ಲಿಷ್ ಹೆಂಗಸು 'ಇಂಗ್ಲೇಸಾ', ವಿನಯದ ಹೆಂಗಸು ಮಾತ್ರ 'ಕೊರ್ತೇಸ್'. ಹಾಗೆಯೇ ಕಷ್ಟಪಟ್ಟು ದುಡಿಯುವವನು 'ತ್ರಾಬಹಾದೋರ್', ದುಡಿಯುವವಳು 'ತ್ರಾಬಹಾದೋರಾ'. ಆದರೆ 'ಇನ್ನೂ ಒಳ್ಳೆಯ' ಅನ್ನುವ 'ಮೆಹೋರ್' ಇಬ್ಬರಿಗೂ ಒಂದೇ. ಇದನ್ನು ನಿಯಮವಾಗಿ ಓದಿ ನೆನಪಿಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಬಾಲ ನೋಡಿ ನೋಡಿ ಕಣ್ಣಿಗೆ ಅಂಟಿತು.

ಎರಡನೆಯದು, ನಾಮಪದದ ಪಕ್ಕದಲ್ಲಿರುವ ಒಂದೇ ಒಂದು ಅಕ್ಷರ. 'ಎಮ್' ಇದ್ದರೆ ಪುಲ್ಲಿಂಗ, 'ಎಫ್' ಇದ್ದರೆ ಸ್ತ್ರೀಲಿಂಗ. 'ಆ' ಸ್ವರದಲ್ಲಿ ಮುಗಿದದ್ದೆಲ್ಲ ಹೆಣ್ಣು ಅಂತ ಸುಮ್ನೆ ನಂಬಿಕೊಂಡಿದ್ದೆ. ತೊಂದರೆ ಬಗೆಹರಿಯಿತು ಅಂತ ತಿಂಗಳುಗಟ್ಟಲೆ 'ಪ್ರೊಬ್ಲೇಮಾ ರೆಸುಯೆಲ್ತಾ' ಅಂತಲೇ ಬರೆದೆ. ನಿಘಂಟಿನಲ್ಲಿ 'ಪ್ರೊಬ್ಲೇಮಾ'ದ ಮುಂದೆ 'ಎಮ್' ಇದೆ. ಅದು ಗ್ರೀಕ್‌ನಿಂದ ಬಂದ ಪದ. ಸಿಸ್ತೇಮಾ, ತೇಮಾ, ಇದಿಯೋಮಾ ಎಲ್ಲವೂ ಅದೇ ಬಳಗ, ಎಲ್ಲವೂ ಪುಲ್ಲಿಂಗ. ಹಾಗಾಗಿ 'ರೆಸುಯೆಲ್ತೊ'. ಇತ್ತ ಕೈ ಅನ್ನುವ 'ಮಾನೊ' ಸ್ತ್ರೀಲಿಂಗ. ದಿನ ಅನ್ನುವ 'ದೀಯಾ' ಪುಲ್ಲಿಂಗ. ಮೊದಲ ಪಾಠದಲ್ಲೇ ಕಲಿಯುವ ಬೆಳಗಿನ ನಮಸ್ಕಾರ 'ಬುಯೆನೊಸ್ ದೀಯಾಸ್', ಮಧ್ಯಾಹ್ನದ್ದು 'ಬುಯೆನಾಸ್ ತಾರ್ದೆಸ್'. ಯಾಕೆ ಒಂದು 'ನೊಸ್', ಇನ್ನೊಂದು 'ನಾಸ್' ಅಂತ ನಾನು ಎಂಟು ತಿಂಗಳು ಕೇಳಿಕೊಂಡೇ ಇರಲಿಲ್ಲ. ಭೂಪಟದಲ್ಲೂ ಇದೇ ಕಥೆ. ದಡ ಹೆಣ್ಣು, ಆದ್ದರಿಂದ ಕೋಸ್ತಾ ರೀಕಾ. ಬಂದರು ಗಂಡು, ಆದ್ದರಿಂದ ಪುಯೆರ್ತೊ ರೀಕೊ.

ನೀರಿನ ವಿಷಯ ಬಿಡಿಸಿ ಹೇಳಬೇಕು. ನೀರು 'ಎಲ್ ಆಗ್ವಾ'. 'ಎಲ್' ಇದೆಯಲ್ಲ, ಪುಲ್ಲಿಂಗ ಅಂತ ತಣ್ಣೀರಿಗೆ 'ಆಗ್ವಾ ಫ್ರೀಯೊ' ಅಂದಿದ್ದೆ. ನಿಘಂಟಿನಲ್ಲಿ 'ಎಫ್' ನೋಡಿ ತಬ್ಬಿಬ್ಬಾಯಿತು. ಸ್ತ್ರೀಲಿಂಗದ ನಾಮಪದ ಒತ್ತುಳ್ಳ 'ಆ'ದಿಂದ ಶುರುವಾದರೆ ಅದಕ್ಕೆ ತಾಗಿಕೊಂಡು ಮೊದಲು ಬರುವ 'ಲಾ' ಜಾಗಕ್ಕೆ 'ಎಲ್' ಬರುತ್ತದೆ, ಲಿಂಗ ಬದಲಾಗುವುದಿಲ್ಲ. ಹಾಗಾಗಿ 'ಎಲ್ ಆಗ್ವಾ ಫ್ರೀಯಾ', ಬಹುವಚನದಲ್ಲಿ 'ಲಾಸ್ ಆಗ್ವಾಸ್ ಫ್ರೀಯಾಸ್'. ಸಮುದ್ರಕ್ಕಂತೂ ನಿಘಂಟು ಎರಡೂ ಲಿಂಗ ಕೊಡುತ್ತದೆ. ಕೆಂಪು ಸಮುದ್ರ 'ಮಾರ್ ರೋಹೊ', ನಡುಸಮುದ್ರ ಮಾತ್ರ 'ಆಲ್ತಾ ಮಾರ್'.

ನಮಗೆ ಇದು ಯಾಕೆ ಕಷ್ಟ ಅಂತ ತುಂಬ ಯೋಚಿಸಿದ್ದೇನೆ. ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಪುಸ್ತಕಗಳು. 'ಒಳ್ಳೆಯ' ಅಲ್ಲಾಡುವುದೇ ಇಲ್ಲ. ಆದರೆ ಅದೇ ಮಾತನ್ನು ವಾಕ್ಯದ ಕೊನೆಗೆ ತನ್ನಿ. ಹುಡುಗ ಒಳ್ಳೆಯವನು, ಹುಡುಗಿ ಒಳ್ಳೆಯವಳು, ಪುಸ್ತಕ ಒಳ್ಳೆಯದು. ಹೊಂದಿಸುವುದು ನಮಗೆ ಹೊಸದೇನಲ್ಲ. ಹೊಸದು ಏನೆಂದರೆ, ನಮ್ಮಲ್ಲಿ ಲಿಂಗ ಅರ್ಥದಿಂದ ಬರುತ್ತದೆ, ಮೇಜು ಕುರ್ಚಿ ಎಲ್ಲ 'ಅದು'. ಅಲ್ಲಿ ಮೇಜಿಗೂ ಲಿಂಗ ಇದೆ, ಅದನ್ನು ಪದದ ಜೊತೆಗೇ ಕಲಿಯಬೇಕು.

ಅದಕ್ಕೆ ನಾನು ಮಾಡುವುದು ಹೀಗೆ. ಹೊಸ ನಾಮಪದ ಸಿಕ್ಕರೆ ನಿಘಂಟಿನಲ್ಲಿ 'ಎಮ್', 'ಎಫ್' ನೋಡಿ, ಒಂದು ಗುಣವಾಚಕದ ಜೊತೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅದು ಬಾಲ ಇರುವ ಗುಣವಾಚಕವೇ ಆಗಿರಬೇಕು. 'ಬೆರ್ದೆ' ಜೊತೆ ಬರೆದರೆ ಲಿಂಗ ಮುಚ್ಚಿಹೋಗುತ್ತದೆ. ಇನ್‌ವಾಯ್ಸ್ 'ಫಾಕ್ತೂರಾ'. ಬಾಕಿ ಇರುವುದಕ್ಕೆ 'ಫಾಕ್ತೂರಾ ಪೆಂದಿಯೆಂತೆ' ಅಂತ ಬರೆದರೆ ಏನೂ ಕಲಿತ ಹಾಗಾಗಲಿಲ್ಲ. ಪಾವತಿಯಾದದ್ದು 'ಫಾಕ್ತೂರಾ ಪಗಾದಾ' ಅಂತ ಬರೆದರೆ ಲಿಂಗವೂ ಜೊತೆಗೇ ಉಳಿಯುತ್ತದೆ.

ಹೊಸಬರಿಗೆ ಒಂದು ಮಾತು. ಈ ನಿಘಂಟಿನಲ್ಲಿ ಅರ್ಥ ಇರುವುದೆಲ್ಲ ಸ್ಪ್ಯಾನಿಷ್‌ನಲ್ಲೇ. ಆ ಭಾಷೆಯವರಿಗಾಗಿ ಮಾಡಿದ್ದು ಅದು, ಕಲಿಯುವವರಿಗಾಗಿ ಅಲ್ಲ. ಮೊದಲ ಆರು ತಿಂಗಳು ಪಕ್ಕದಲ್ಲಿ ಇಂಗ್ಲಿಷ್ ನಿಘಂಟು ಇಟ್ಟುಕೊಂಡೇ ಓದಿದೆ. ಸಂಕ್ಷಿಪ್ತ ಅಕ್ಷರಗಳೂ ತುಂಬಾ. ಇನ್ನು ಗುಣವಾಚಕ ಹಿಂದೆ ಬಂದರೆ ಏನು, ಮುಂದೆ ಬಂದರೆ ಏನು ಅನ್ನುವುದನ್ನು ಓದಿ ಓದಿಯೇ ಕಲಿಯಬೇಕು. 'ಓಂಬ್ರೆ ಗ್ರಾಂದೆ' ಮೈಕಟ್ಟಿನಲ್ಲಿ ದೊಡ್ಡ ಆಳು, 'ಗ್ರಾನ್ ಓಂಬ್ರೆ' ಗುಣದಲ್ಲಿ ದೊಡ್ಡ ಮನುಷ್ಯ.

ಸಂಶಯ ಬಂದಾಗ ಅದೇ ಅಕಾಡೆಮಿಯವರ ಇನ್ನೊಂದು ನಿಘಂಟು ತೆರೆಯುತ್ತೇನೆ. ಸಂಶಯಗಳಿಗೆಂದೇ 2005ರಲ್ಲಿ ಬಂದದ್ದು ಅದು, ಅದೂ ಪುಕ್ಕಟೆ. ಗಂಡು ಹೆಣ್ಣು ಎರಡೂ ನಾಮಪದ ಸೇರಿದರೆ ಗುಣವಾಚಕ ಪುಲ್ಲಿಂಗ ಬಹುವಚನ ಅನ್ನುವಂಥದ್ದೆಲ್ಲ ಅಲ್ಲಿ ಬಿಡಿಸಿ ಹೇಳಿದ್ದಾರೆ. ಬಣ್ಣಗಳಿಗೆ ಬೇರೆಯೇ ಒಂದು ಭಾಗ ಇದೆ. ತಿಂಗಳ ಕೊನೆಯಲ್ಲಿ ನಾವು ಶೀಟ್‌ನಲ್ಲಿ ಪಾವತಿಯಾದ ಸಾಲುಗಳಿಗೆ ತಿಳಿ ಹಸಿರು ಬಳಿಯುತ್ತೇವೆ. ಹಸಿರು ಚೌಕಗಳು 'ಸೆಲ್ದಾಸ್ ಬೆರ್ದೆಸ್'. ತಿಳಿ ಹಸಿರಾದರೆ 'ಸೆಲ್ದಾಸ್ ಬೆರ್ದೆ ಕ್ಲಾರೊ', ಎರಡೂ ಪದ ಏಕವಚನದಲ್ಲೇ ನಿಲ್ಲುತ್ತವೆ. ಕಳೆದ ತಿಂಗಳು ಆ ಸಾಲನ್ನು ನಿಘಂಟು ತೆರೆಯದೆಯೇ ಬರೆದೆ, ಕಳಿಸಿದ ಮೇಲೆ ತೆರೆದು ನೋಡಿದೆ, ಸರಿ ಇತ್ತು.