ಅಮಾವಾಸ್ಯೆ ರಾತ್ರಿ ನಕ್ಷತ್ರ ನೋಡಲು ದುಡ್ಡು ಕಟ್ಟುವ ಮುಂಚೆ

ಇನ್‌ಸ್ಟಾಗ್ರಾಮಲ್ಲಿ ‘ಸ್ಟಾರ್‌ಗೇಜಿಂಗ್ ಕ್ಯಾಂಪ್’ ಜಾಹೀರಾತು ನೋಡಿ ಬುಕ್ ಮಾಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಜಾಗ ಯಾವುದು, ಯಾರದು ಅಂತ ಮೊದಲೇ ಹೇಳದವರ ಜೊತೆ ಹೋಗಬೇಡಿ. ನಾವು ಹೋಗಿ ಅರ್ಧ ರಾತ್ರಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಬಂದಿದ್ದೇವೆ. ಪೇಜಿನ ಹೆಸರು ಹಾಕುವುದಿಲ್ಲ. ಇಂಥವು ಬೇಕಾದಷ್ಟಿವೆ.

ಡಿಸೆಂಬರ್ ತಿಂಗಳ ಅಮಾವಾಸ್ಯೆ, ತಲೆಗೆ 1,800 ರೂಪಾಯಿ. ಪೋಸ್ಟರ್ ತುಂಬಾ ಆಕಾಶಗಂಗೆ. ಅದೇ ಮೊದಲ ಸುಳ್ಳು. ಡಿಸೆಂಬರಿನಲ್ಲಿ ಸೂರ್ಯ ಧನು ರಾಶಿಯ ಕಡೆ ಇರುತ್ತಾನೆ. ಆಕಾಶಗಂಗೆಯ ದಟ್ಟ ನಡುಭಾಗ ಇರುವುದೂ ಆ ಕಡೆಗೇ. ಹಾಗಾಗಿ ಅದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ರಾತ್ರಿ ಕಾಣುವುದೇ ಇಲ್ಲ. ಆ ಫೋಟೊದಲ್ಲಿರುವಂಥ ನೋಟ ಬೇಕಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ಏಳಬೇಕು. ಮೇ ತಿಂಗಳಲ್ಲಿ ನಡುರಾತ್ರಿಗೆ ಸಿಗುತ್ತದೆ, ಆಮೇಲೆ ಮಳೆಮೋಡ. ಇರಲಿ, ಮಹಾವ್ಯಾಧ, ಕೃತ್ತಿಕೆ ನೋಡಲು ಡಿಸೆಂಬರೇ ಚೆಂದ ಅಲ್ವಾ ಅಂತ ಹೊರಟೆವು.

ಇವರು ಜಾಗ ಹುಡುಕುವುದು ಹೇಗೆ ಗೊತ್ತಾ? ಬೆಳಕಿನ ಮಾಲಿನ್ಯ ತೋರಿಸುವ ಮ್ಯಾಪ್ ಒಂದಿದೆ, ಉಪಗ್ರಹದ ಲೆಕ್ಕದ್ದು. ಬೆಂಗಳೂರು ಅದರಲ್ಲಿ ಧಗಧಗ ಅನ್ನುತ್ತದೆ. ದೂರ ಹೋದ ಹಾಗೆ ಬಣ್ಣ ಇಳಿಯುತ್ತದೆ. ಕಪ್ಪಗೆ ಕಂಡ ಕಡೆ ಒಂದು ಪಿನ್ ಹಾಕಿದರೆ ಮುಗೀತು, ಅದೇ ಕ್ಯಾಂಪ್. ಆದರೆ ನಮ್ಮ ರಾಜ್ಯದಲ್ಲಿ ಅಷ್ಟು ಕಪ್ಪಾಗಿರುವ ಕಡೆ ಹೆಚ್ಚಾಗಿ ಕಾಡು. ಬಂಡೀಪುರ, ಕುದುರೆಮುಖ, ಮಲೆ ಮಹದೇಶ್ವರ ಬೆಟ್ಟದ ಸುತ್ತ ಮನಸ್ಸಿಗೆ ಬಂದಲ್ಲಿ ರಾತ್ರಿ ಟ್ರೈಪಾಡ್ ನಿಲ್ಲಿಸುವ ಹಾಗಿಲ್ಲ. ಕಾಡಲ್ಲದಿದ್ದರೆ ಯಾರದೋ ಹೊಲ, ಯಾವುದೋ ಊರಿನ ಗುಡ್ಡ. ಮ್ಯಾಪ್ ಅದನ್ನೆಲ್ಲ ಹೇಳಲ್ಲ. ಸೇವಂತಿಗೆ ಹೊಲದ ಬಲ್ಬುಗಳನ್ನೂ ಹೇಳಲ್ಲ. ಗಿಡ ಎತ್ತರ ಬೆಳೆಯುವ ಮುಂಚೆ ಮೊಗ್ಗು ಕಟ್ಟಬಾರದು ಅಂತ ರೈತರು ರಾತ್ರಿ ಸಾಲು ಸಾಲು ದೀಪ ಹಾಕಿರುತ್ತಾರೆ. ದಾರಿಯಲ್ಲಿ ಅಂಥ ಒಂದು ಹೊಲ ಮದುವೆ ಛತ್ರದ ಹಾಗೆ ಹೊಳೆಯುತ್ತಿತ್ತು.

ನಮ್ಮ ಪಿನ್ ಇದ್ದದ್ದು ಮಧುಗಿರಿ ದಾಟಿ ಪಾವಗಡದ ಕಡೆ. ಕಲ್ಲುಗುಡ್ಡ, ಪಕ್ಕದಲ್ಲಿ ಪಾಳುಬಿದ್ದ ಮಂಟಪ. ಕತ್ತಲು ಮಾತ್ರ ನಿಜವಾಗಿಯೂ ಚೆನ್ನಾಗಿತ್ತು, ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಮಸುಕಾಗಿ ಕಂಡಿತು. ಕರ್ಕೊಂಡು ಬಂದ ಹುಡುಗ ‘ಪ್ರೈವೇಟ್ ಲ್ಯಾಂಡ್, ಪರ್ಮಿಷನ್ ಇದೆ’ ಅಂದಿದ್ದ. ಟೆಲಿಸ್ಕೋಪ್ ಜೋಡಿಸಿ, ಕೆಂಪು ಟಾರ್ಚ್ ಹಚ್ಚಿಕೊಂಡೆವು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ. ಕೆಂಪು ಬೆಳಕಾದರೆ ಅಷ್ಟು ತೊಂದರೆಯಿಲ್ಲ.

ಈಗ ಇದನ್ನೇ ಊರಿನ ಕಡೆಯಿಂದ ನೋಡಿ. ಅಮಾವಾಸ್ಯೆ. ಪಾಳು ಮಂಟಪ. ಕೆಂಪು ದೀಪ ಹಿಡಿದು ಓಡಾಡುವ ಅಪರಿಚಿತರು.

ಮೊದಲು ನಾಯಿ ಬೊಗಳಿದವು. ಆಮೇಲೆ ಬೈಕಿನ ಹೆಡ್‌ಲೈಟು, ದೊಣ್ಣೆ ಹಿಡಿದ ಜನ. ‘ಯಾವೂರು ಸಾಮಿ ನಿಮ್ದು? ಅಮಾಸೆ ದಿನ ನಿಧಿ ತೆಗೆಯಾಕೆ ಬಂದ್ರಾ?’ ಅಂತ ಯಜಮಾನರೊಬ್ಬರು ಕೇಳಿದರು. ‘ಇಲ್ಲ ಯಜಮಾನ್ರೇ, ನಕ್ಷತ್ರ ನೋಡೋಕೆ’ ಅಂದೆ. ‘ನಮ್ಮೂರಲ್ಲಿ ಮಾತ್ರ ಕಾಣಿಸ್ತವಾ?’ ಅಂದರು. ನಮ್ಮ ಚೀಲ ಸುರಿದರು: ಟೆಂಟಿನ ಕಬ್ಬಿಣದ ಗೂಟ, ಸುತ್ತಿಗೆ, ದಿಕ್ಸೂಚಿ, ರಾತ್ರಿ ಊಟದ ಕೋಸಂಬರಿಗೆ ತಂದಿದ್ದ ನಿಂಬೆಹಣ್ಣು. ಆ ನಿಂಬೆಹಣ್ಣು ಕಂಡ ಮೇಲೆ ನಮ್ಮ ಮಾತನ್ನು ಯಾರೂ ಕೇಳಲಿಲ್ಲ. ಈಗ ನಗು ಬರುತ್ತೆ. ಆಗ ನಮ್ಮ ಜೊತೆಗಿದ್ದವನ ಕಪಾಳಕ್ಕೆ ಎರಡು ಏಟು ಬಿದ್ದಿತ್ತು.

ಊರವರ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ದಿನದ ಹಿಂದೆ ಯಾರೋ ಅದೇ ಮಂಟಪದ ಬಸವಣ್ಣನ ಕೆಳಗೆ ಅಗೆದು ಹೋಗಿದ್ದರು, ಗುಂಡಿ ಹಾಗೇ ಇತ್ತು. ಬೋರ್‌ವೆಲ್ ಕೇಬಲ್ ಕದಿಯುವವರ ಕಾಟ ಬೇರೆ. ಸಿಟ್ಟಿರುವುದು ಆ ಪೇಜಿನವರ ಮೇಲೆ. ಜಮೀನಿನ ಮಾಲೀಕ ಅಂತ ಯಾರೂ ಇರಲಿಲ್ಲ, ಅದು ಊರಿನ ಗುಡ್ಡ. ಹುಡುಗನ ಹತ್ತಿರ ಇದ್ದದ್ದು ಗೂಗಲ್ ಪಿನ್ ಮಾತ್ರ, ಅವನ ಬಾಸ್ ಫೋನು ಸ್ವಿಚ್ಡ್ ಆಫ್. ಪೊಲೀಸರು ಬಂದದ್ದೇ ಪುಣ್ಯ. ಆಧಾರ್ ನೋಡಿ, ಹೇಳಿಕೆ ಬರೆಸಿಕೊಂಡು ಬೆಳಗಿನ ಜಾವ ಬಿಟ್ಟರು. ‘ಈ ಬಂಡೆಗಳಲ್ಲಿ ಕರಡಿ ಇರ್ತವೆ, ಗೊತ್ತಾ?’ ಅಂತ ಪೇದೆಯೊಬ್ಬರು ಕೇಳಿದರು. ನಮಗೆ ಯಾರೂ ಹೇಳಿರಲಿಲ್ಲ.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಮಾಡಿದಾಗ ಅಲ್ಲಿನ ಹಳ್ಳಿಯವರಿಗೇ ತರಬೇತಿ, ಟೆಲಿಸ್ಕೋಪ್ ಕೊಟ್ಟರು. ಬಂದವರಿಗೆ ಆಕಾಶ ತೋರಿಸುವವರೂ ಅವರೇ. ನಮ್ಮಲ್ಲಿ ಅಷ್ಟೆಲ್ಲ ಬೇಡ, ಹಗಲು ಹೊತ್ತಿನಲ್ಲಿ ಊರಿಗೆ ಹೋಗಿ ಟೀ ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಠಾಣೆಗೆ ಒಂದು ಫೋನು ಮಾಡಿದ್ದರಂತೂ ಈ ರಗಳೆಯೇ ಇರುತ್ತಿರಲಿಲ್ಲ. ಆಕಾಶ ಒಂಚೂರು ಮಂಕಾದರೂ ಪರವಾಗಿಲ್ಲ, ಪರಿಚಯದವರ ತೋಟವೋ ಹೋಮ್‌ಸ್ಟೇ ತಾರಸಿಯೋ ಸಿಕ್ಕರೆ ಅಲ್ಲಿಗೇ ಹೋಗಿ.

ದುಡ್ಡು ಈಗಾಗಲೇ ಕಟ್ಟಿದ್ದರೆ ಜಮೀನು ಮಾಲೀಕರ ನಂಬರ್ ಕೇಳಿ, ನೀವೇ ಫೋನ್ ಮಾಡಿ ಮಾತಾಡಿ. ‘ಸರ್ಪ್ರೈಸ್ ಲೊಕೇಶನ್’ ಅಂದರೆ ವಾಪಸ್ ಕೇಳಿ. ನಮಗೆ ‘ಲೋಕಲ್ ಇಶ್ಯೂಗೆ ರೀಫಂಡ್ ಇಲ್ಲ’ ಅಂದರು. ಪೋಸ್ಟರ್, ಚಾಟ್, ಯುಪಿಐ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡಿದ್ದೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇನ್ನೂ ಏನೂ ಬಂದಿಲ್ಲ.