ಕ್ರ್ಯಾಶ್ ಆದಾಗ ರಿಜಿಸ್ಟರ್ ವ್ಯಾಲ್ಯೂ ಹೇಗೆ ಪ್ರಿಂಟ್ ಮಾಡಬೇಕು? ಎಲ್ಲ ಥರ ಮಾಡಿ ನೋಡಿದೆ

ಎಕ್ಸ್86 64-ಬಿಟ್ ಪ್ರೊಸೆಸರ್‌ಗೆ ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೇನೆ. ಓಡಿಸೋದು ಕ್ಯೂಎಮು ಅನ್ನೋ ಎಮ್ಯುಲೇಟರ್‌ನಲ್ಲಿ. ಕರ್ನಲ್ ಕ್ರ್ಯಾಶ್ ಆದಾಗ ರಿಜಿಸ್ಟರ್‌ಗಳನ್ನು (ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಪುಟ್ಟ ಜಾಗಗಳು) ಸೀರಿಯಲ್ ಕನ್ಸೋಲ್‌ಗೆ ಬರೆಯುವ ಕೋಡನ್ನು ಇಲ್ಲಿವರೆಗೆ ನಾಲ್ಕು ಸಲ ಬದಲಾಯಿಸಿದ್ದೇನೆ. ಈಗ ಒಂದು ಕಡೆ ನಿಂತಿದ್ದೇನೆ: 16 ಅಂಕಿ, ಮುಂದೆ ಸೊನ್ನೆ ತುಂಬಿದ್ದು, ಹೆಕ್ಸ್ (ಹದಿನಾರರ ಲೆಕ್ಕದ) ಸಂಖ್ಯೆಯ ಮುಂದೆ ಹಾಕುವ 0ಎಕ್ಸ್ ಗುರುತು ಇಲ್ಲ.

ಮೊದಲು ಬರೀ ಹೆಕ್ಸ್ ಇತ್ತು, ಅಂದರೆ ಎಷ್ಟು ಅಂಕಿ ಇದೆಯೋ ಅಷ್ಟೇ. ಚಿಕ್ಕದಾಗಿ ಚೆನ್ನಾಗಿ ಕಾಣುತ್ತೆ. ಆದರೆ ಇದೇ ನನ್ನ ಒಂದು ಇಡೀ ಸಂಜೆ ತಿಂದಿದ್ದು. ನನ್ನ ಕರ್ನಲ್‌ನಲ್ಲೂ ಲಿನಕ್ಸ್ ಥರಾನೇ ಬಹಳಷ್ಟು ಪಾಯಿಂಟರ್‌ಗಳು (ಮೆಮೊರಿ ಅಡ್ರೆಸ್‌ಗಳು) ನಾಲ್ಕು ಎಫ್ ಆಮೇಲೆ 888 ಅಂತ ಶುರುವಾಗುತ್ತವೆ. ಅವತ್ತು ಆರ್‌ಡಿಐ ರಿಜಿಸ್ಟರ್‌ನಲ್ಲಿ ನಾಲ್ಕು ಎಫ್, ಮುಂದೆ 8881045329 ಇತ್ತು. ನೋಡಿದ ಕೂಡಲೇ ಸರಿಯಾದ ಪಾಯಿಂಟರ್ ಅನ್ನಿಸಿತು, ಹಾಗಾಗಿ ತಪ್ಪನ್ನು ಬೇರೆಲ್ಲೋ ಹುಡುಕುತ್ತಾ ಕೂತೆ. ಕೊನೆಗೆ ಅಂಕಿ ಎಣಿಸಿದರೆ 14! ನಿಜವಾದ ಪಾಯಿಂಟರ್ 888104532900 ಅಂತ ಮುಗಿಯಬೇಕಿತ್ತು. ಸ್ಟ್ರಕ್ಟ್‌ನಲ್ಲಿ (ಹಲವು ವ್ಯಾಲ್ಯೂಗಳ ಕಟ್ಟು) ಆಫ್‌ಸೆಟ್, ಅಂದರೆ ಓದುವ ಜಾಗ, ಒಂದು ಬೈಟ್ ಮುಂದೆ ಹೋಗಿತ್ತು. ಲಿಟಲ್ ಎಂಡಿಯನ್ ಅಲ್ವಾ (ಸಂಖ್ಯೆಯ ಕೊನೆಯ ಬೈಟ್ ಮೆಮೊರಿಯಲ್ಲಿ ಮೊದಲು ಇರುತ್ತೆ), ಕೊನೆಯ ಬೈಟ್ ಬಿಟ್ಟುಹೋಗಿ ಮೇಲುಗಡೆ ಒಂದು ಸೊನ್ನೆ ಬೈಟ್ ಬಂದು ಸೇರಿತ್ತು. ಮೇಲುಗಡೆಯ ಆ ಎರಡು ಸೊನ್ನೆಗಳನ್ನೇ ನನ್ನ ಫಾರ್ಮ್ಯಾಟ್ ಮುಚ್ಚಿಟ್ಟಿತ್ತು. ಅಂಥ ಅಡ್ರೆಸ್ ಮುಟ್ಟಿದರೆ ಪೇಜ್ ಫಾಲ್ಟ್ ಬರಲ್ಲ, ಜನರಲ್ ಪ್ರೊಟೆಕ್ಷನ್ ಫಾಲ್ಟ್ ಬರುತ್ತೆ, ಪೇಜ್ ಫಾಲ್ಟ್ ಆದ ಅಡ್ರೆಸ್ ಇಡುವ ಸಿಆರ್2 ರಿಜಿಸ್ಟರ್‌ನಲ್ಲಿ ಹಳೇ ವ್ಯಾಲ್ಯೂನೇ ಉಳಿದಿರುತ್ತೆ. ಹಾಗಾಗಿ ಅದರಿಂದಲೂ ಸಹಾಯ ಸಿಗಲಿಲ್ಲ.

ಸೊನ್ನೆ ತುಂಬಿ ಮತ್ತೆ ಓಡಿಸಿದೆ. ಆ ಒಂದು ಸಾಲು ಮಾತ್ರ 00ಯಿಂದ ಶುರುವಾಗಿತ್ತು, ಮೇಲೆ ಕೆಳಗೆ ಎಲ್ಲ ಎಫ್. ಎಣಿಸುವ ಕೆಲಸವೇ ಇಲ್ಲ. ಲಿನಕ್ಸ್‌ನ ಊಪ್ಸ್ (ಕರ್ನಲ್‌ನಲ್ಲಿ ತಪ್ಪಾದಾಗ ಬರುವ ವರದಿ) ಓದುವವರಿಗೆ ಈ ಕಣ್ಣಳತೆ ಗೊತ್ತೇ ಇರುತ್ತೆ: ಪೂರ್ತಿ ಸೊನ್ನೆ ಇದ್ದರೆ ನಲ್ (ಎಲ್ಲಿಗೂ ತೋರಿಸದ ಪಾಯಿಂಟರ್), ಸಾಲುದ್ದಕ್ಕೂ 6ಬಿ 6ಬಿ ಅಂತಿದ್ದರೆ ಫ್ರೀ ಮಾಡಿದ ಮೆಮೊರಿ (ಅದಕ್ಕೆ ಈ ಗುರುತು ತುಂಬುವ ಸ್ಲ್ಯಾಬ್ ಪಾಯಿಸನಿಂಗ್ ಆನ್ ಇರಬೇಕು), ಡಿ-ಇ-ಎ-ಡಿ ಅಂತ ಶುರುವಾದರೆ ಲಿಸ್ಟ್‌ನಿಂದ ತೆಗೆದುಹಾಕಿದ ನೋಡ್. ಎಲ್ಲ ಸಾಲೂ ಒಂದೇ ಅಗಲ ಇದ್ದರೇನೇ ಇವು ಥಟ್ಟನೆ ಕಣ್ಣಿಗೆ ಬೀಳೋದು.

ಹಾಗಾದರೆ 0ಎಕ್ಸ್ ಯಾಕೆ ಬೇಡ? ಅದರ ಪರವಾಗಿ ಒಂದು ಒಳ್ಳೇ ಮಾತಿದೆ: ಜಿಡಿಬಿ ಡೀಬಗರ್‌ಗೆ ಸೀದಾ ಪೇಸ್ಟ್ ಮಾಡಬಹುದು. ಇಲ್ಲದಿದ್ದರೆ ಎಫ್‌ನಿಂದ ಶುರುವಾಗಿದ್ದನ್ನು ಅದು ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್) ಹೆಸರು ಅಂದುಕೊಳ್ಳುತ್ತೆ. ಆದರೆ ಸಿಸ್ಟಮ್ ಮ್ಯಾಪ್ ಫೈಲ್‌ನಲ್ಲಿ (ಕರ್ನಲ್ ಸಿಂಬಲ್‌ಗಳ ಅಡ್ರೆಸ್ ಪಟ್ಟಿ), ಬೈನರಿ ಬಿಚ್ಚಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ ಅಡ್ರೆಸ್‌ಗಳಿಗೆ 0ಎಕ್ಸ್ ಇರೋದಿಲ್ಲ, ಗ್ರೆಪ್‌ನಿಂದ ಹುಡುಕುವಾಗ ಅದನ್ನು ಅಳಿಸಬೇಕು. ಜಾಗದ ಲೆಕ್ಕವೂ ಇದೆ. ಲಿನಕ್ಸ್ ಒಂದು ಸಾಲಿಗೆ ಮೂರು ರಿಜಿಸ್ಟರ್ ಬರೆಯುತ್ತೆ. ಹೆಸರು, ಕೋಲನ್, ಖಾಲಿ ಜಾಗ ಸೇರಿ ಒಂದಕ್ಕೆ 21, ಮೂರಕ್ಕೆ ನಡುವಿನ ಜಾಗವೂ ಸೇರಿ 65. ಮುಂದೆ ಬರುವ ಟೈಮ್‌ಸ್ಟ್ಯಾಂಪ್ 15. ಒಟ್ಟು ಸರಿಯಾಗಿ 80, ಹಳೇ ಕನ್ಸೋಲ್‌ನ ಅಗಲ! 0ಎಕ್ಸ್ ಸೇರಿಸಿದರೆ 86 ಆಗಿ ಸಾಲು ಮುರಿಯುತ್ತೆ. ಇನ್ನೊಂದು ತೊಂದರೆ, ಸಿ ಭಾಷೆಯ ಪ್ರಿಂಟ್‌ಎಫ್‌ನಲ್ಲಿ ಹ್ಯಾಶ್ ಗುರುತು (#) ಹಾಕಿ ಅಗಲ 16 ಅಂತ ಕೊಟ್ಟರೆ 0ಎಕ್ಸ್ ಕೂಡ ಅದರೊಳಗೇ ಲೆಕ್ಕ, ಅಂಕಿಗೆ ಉಳಿಯೋದು 14. ಅಲ್ಲಿ 18 ಕೊಡಬೇಕು.

ನಾಲ್ಕು ನಾಲ್ಕು ಅಂಕಿಗೆ ಅಂಡರ್‌ಸ್ಕೋರ್ ಹಾಕೋದನ್ನೂ ನೋಡಿದೆ. ಓದಲು ತುಂಬಾ ಹಿತ, ಆದರೆ ಹುಡುಕಲು ಪ್ರತಿಸಲ ಅಂಡರ್‌ಸ್ಕೋರ್ ಕಿತ್ತುಹಾಕಬೇಕು. ಎರಡೇ ದಿನಕ್ಕೆ ಬಿಟ್ಟೆ.

ಲಿನಕ್ಸ್ ಮಾಡ್ಯೂಲ್ ಬರೆಯುವವರು ಪಾಯಿಂಟರ್ ಪ್ರಿಂಟ್ ಮಾಡುವ ಶೇಕಡಾ-ಪಿ (%p) ಗುರುತು ಬಳಸಬೇಡಿ, ದಯವಿಟ್ಟು. 2018ರ ಲಿನಕ್ಸ್ 4.15ರಿಂದ ಅದು ಪಾಯಿಂಟರನ್ನು ಹ್ಯಾಶ್ ಮಾಡಿ (ಬೇರೆ ಸಂಖ್ಯೆಯಾಗಿ ಕಲಸಿ) ಪ್ರಿಂಟ್ ಮಾಡುತ್ತೆ, ಕರ್ನಲ್ ಅಡ್ರೆಸ್ ಹೊರಗೆ ಸೋರಬಾರದು ಅಂತ. ಉದ್ದೇಶ ಸರಿಯಾದದ್ದೇ. ಆದರೆ 64-ಬಿಟ್‌ನಲ್ಲಿ ಮೊದಲ ಎಂಟು ಅಂಕಿ ಸೊನ್ನೆ, ಉಳಿದದ್ದು ಹ್ಯಾಶ್, ಊಪ್ಸ್‌ನಲ್ಲಿರುವ ಯಾವ ರಿಜಿಸ್ಟರ್‌ಗೂ ತಾಳೆಯಾಗಲ್ಲ. ಸೇವ್ ಆದ ರಿಜಿಸ್ಟರ್‌ಗಳು ಹೇಗೂ ಅನ್‌ಸೈನ್ಡ್ ಲಾಂಗ್, ಅವನ್ನು ಸಂಖ್ಯೆಯಾಗೇ 16 ಅಂಕಿಯಲ್ಲಿ ಬರೆಯಿರಿ. ಓಡುತ್ತಿದ್ದ ಕೋಡ್‌ನ ಅಡ್ರೆಸ್ ಇರುವ ಆರ್‌ಐಪಿಗೆ ಮಾತ್ರ ದೊಡ್ಡ ಎಸ್ ಸೇರಿಸಿದ ಶೇಕಡಾ-ಪಿಎಸ್ ಒಳ್ಳೇದು, ಫಂಕ್ಷನ್ ಹೆಸರು, ಆಫ್‌ಸೆಟ್ ಎರಡೂ ಬರುತ್ತೆ.

0ಎಕ್ಸ್ ಅನ್ನು ನಾನು ಒಂದೇ ಕಡೆ ಉಳಿಸಿಕೊಂಡಿದ್ದೇನೆ: ಎರರ್ ಕೋಡ್ ಥರ ವಾಕ್ಯದ ಮಧ್ಯೆ ಒಂಟಿಯಾಗಿ ಬರುವ ಸಂಖ್ಯೆಗೆ. ಅಲ್ಲಿ ಬರೀ 10 ಅಂತ ಬರೆದರೆ ಅದು ಹತ್ತೋ ಹದಿನಾರೋ ಗೊತ್ತಾಗಲ್ಲ.