ಮಾದರಿ ರೈಲಿಗೆ ಯಾವ ಹಳಿ? ಮೂರು ಬಗೆ ಹಾಕಿ ನೋಡಿದ ಮೇಲೆ

ಮೊದಲ ಸಲ ಮಾದರಿ ರೈಲು ಕೊಳ್ಳುವಾಗ ಕಣ್ಣೆಲ್ಲ ಇಂಜಿನ್ ಮೇಲೇ ಇರುತ್ತದೆ. ನಾನೂ ಹಳಿ ಯಾವುದಾದರೇನು ಅಂದುಕೊಂಡಿದ್ದೆ. ಆಮೇಲೆ ಅದೇ ಇಂಜಿನ್ ಒಂದು ಹಳಿಯ ಮೇಲೆ ತಡವರಿಸಿ, ಇನ್ನೊಂದರ ಮೇಲೆ ನೀರು ಹರಿದ ಹಾಗೆ ಓಡಿತು. ಆಗ ಮೂರು ಬಗೆಯ ಹಳಿಗಳನ್ನೂ ಸರಿಯಾಗಿ ಹೋಲಿಸಿ ನೋಡಬೇಕು ಅನಿಸಿತು.

8 ಅಡಿ ಉದ್ದ, 4 ಅಡಿ ಅಗಲದ ಒಂದೇ ಪ್ಲೈವುಡ್ ಹಲಗೆ. ಒಂದೇ ಡೀಸೆಲ್ ಇಂಜಿನ್, ಅವೇ ಐದು ಬೋಗಿ. ಅಳತೆ ಎಚ್‌ಒ, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಭಾಗ. ಎರಡು ಕಂಬಿಗಳ ನಡುವೆ 16.5 ಮಿ.ಮೀ. ಅಂತರ.

ಮೊದಲು ಹಾಕಿದ್ದು ಬರೀ ತುಂಡು ಹಳಿ. ಕಂಬಿ ಮತ್ತು ಅದನ್ನು ಹೊರುವ ಅಡ್ಡಪಟ್ಟಿ (ಸ್ಲೀಪರ್) ಮಾತ್ರ, ಅದರ ಕೆಳಗೆ ಏನೂ ಇಲ್ಲ. ಪೆಕೊ ಕಂಪನಿಯ ಸೆಟ್‌ಟ್ರ್ಯಾಕ್ ಈ ಜಾತಿಯದು. ನೇರ ತುಂಡು, ಬಾಗಿದ ತುಂಡು ಎಲ್ಲಕ್ಕೂ ಅಳತೆ ಗೊತ್ತುಮಾಡಿರುತ್ತಾರೆ. ಸಣ್ಣ ತಗಡಿನ ಜಾಯಿನರ್‌ನಲ್ಲಿ ಒಂದನ್ನೊಂದು ಸೇರಿಸಿ, ಮೊಳೆ ಹೊಡೆದರೆ ಮುಗಿಯಿತು. ಮುಂದೆ ಹೇಳುವ ಅಡಿಪಾಯದ ಹಳಿಗಿಂತ ಇದು ಅಗ್ಗ.

ತೊಂದರೆ ಇರುವುದು ಆ ಜಾಯಿನರ್‌ನಲ್ಲೇ. ಕಂಬಿ ಅದರೊಳಗೆ ಹೋಗದೆ ಮೇಲೆ ಕೂತರೂ ಮೇಲಿಂದ ನೋಡಿದಾಗ ಗೊತ್ತಾಗುವುದಿಲ್ಲ. ನನ್ನ ಮೂರನೇ ಬೋಗಿ ಒಂದೇ ಜಾಗದಲ್ಲಿ ಪದೇ ಪದೇ ಹಳಿ ತಪ್ಪುತ್ತಿತ್ತು. ಬೋಗಿಯ ಗಾಲಿಗಳನ್ನೇ ಎರಡು ಸಂಜೆ ಪರೀಕ್ಷಿಸಿದೆ. ಕೊನೆಗೆ ಬೆರಳ ತುದಿಯಿಂದ ಕಂಬಿಯನ್ನು ಸವರಿದಾಗ ಕೂದಲೆಳೆಯಷ್ಟು ಮೆಟ್ಟಿಲು ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ಸೇರುವೆಯನ್ನೂ ಬೆರಳಿನಿಂದ ನೋಡಿಯೇ ಮೊಳೆ ಹೊಡೆಯುತ್ತೇನೆ. ಇನ್ನೊಂದು ಮಾತು: ಈ ಹಳಿಯನ್ನು ಸುಮ್ನೆ ಕಾರ್ಪೆಟ್ ಮೇಲೆ ಹಾಸಬೇಡಿ. ನೂಲಿನ ಎಳೆಗಳು ಇಂಜಿನ್‌ನ ಗೇರ್‌ಗೆ ಸುತ್ತಿಕೊಳ್ಳುತ್ತವೆ.

ಎರಡನೆಯದು ಅಡಿಪಾಯ ಸಮೇತ ಬರುವ ತುಂಡು ಹಳಿ. ಜಲ್ಲಿ ಹರಡಿದಂತೆ ಕಾಣುವ ಪ್ಲಾಸ್ಟಿಕ್ ದಿಬ್ಬದ ಮೇಲೆ ಕಂಬಿ ಕೂತಿರುತ್ತದೆ. ಕಾಟೊ ಕಂಪನಿಯ ಯೂನಿಟ್ರ್ಯಾಕ್ ಇದಕ್ಕೆ ಒಳ್ಳೆಯ ಉದಾಹರಣೆ. ತುಂಡುಗಳು ಟಕ್ ಅಂತ ಕೂರುತ್ತವೆ, ಮೊಳೆ ಬೇಡ. ಬಿಚ್ಚಿ ಮತ್ತೆ ಜೋಡಿಸಿದರೂ ಹಿಡಿತ ಸಡಿಲವಾಗುವುದಿಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಯಾಕೆ ಗೊತ್ತಾ? ಹೊಸಬರು ಮೊದಲು ಬರೆದ ನಕ್ಷೆಯಲ್ಲಿ ನಿಲ್ಲುವುದೇ ಇಲ್ಲ. ಒಂದು ವಾರ ದುಂಡಗೆ ಓಡಿಸಿದ ಮೇಲೆ ಒಂದು ನಿಲ್ದಾಣ ಬೇಕು ಅನಿಸುತ್ತದೆ, ಆಮೇಲೆ ಗೂಡ್ಸ್ ಬೋಗಿ ನಿಲ್ಲಿಸಲು ಒಂದು ಕವಲು. ಎರಡು ತಿಂಗಳಲ್ಲಿ ನಾನು ನಾಲ್ಕು ಸಲ ನಕ್ಷೆ ಬದಲಿಸಿದೆ. ಒಂದು ತುಂಡೂ ಹಾಳಾಗಲಿಲ್ಲ.

ಕೊರತೆ ಇಲ್ಲದೆ ಇಲ್ಲ. ಬೆಲೆ ಜಾಸ್ತಿ. ಪ್ಲಾಸ್ಟಿಕ್ ಅಡಿಪಾಯ ಟೊಳ್ಳು, ಬರೀ ಪ್ಲೈವುಡ್ ಮೇಲೆ ಗಡಗಡ ಸದ್ದು. ತೆಳುವಾದ ಫೋಮ್ ಹಾಸಿದ ಮೇಲೆ ಕಡಿಮೆಯಾಯಿತು. ದೊಡ್ಡ ಕೊರತೆ ಅಂದರೆ ಒಂದು ಕಂಪನಿಯ ಹಳಿ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ, ಬೇರೆ ಜೋಡಣೆ ತುಂಡು ಬೇಕು. ಹಾಗಾಗಿ ಶುರುವಿನಲ್ಲೇ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಮಾರ್ಕ್ಲಿನ್ ಕಂಪನಿಯ ಹಳಿ ಕೊಳ್ಳುವ ಆಸೆ ಇದ್ದರೆ ಇನ್ನೂ ಯೋಚಿಸಿ. ಅವರ ಎಚ್‌ಒ ಹಳಿಯ ನಡುವೆ ವಿದ್ಯುತ್ ಕೊಡುವ ಸಣ್ಣ ಗುಬಟುಗಳ ಸಾಲು ಇರುತ್ತದೆ. ಎರಡು ಕಂಬಿಯಿಂದ ವಿದ್ಯುತ್ ತೆಗೆದುಕೊಳ್ಳುವ ಸಾಮಾನ್ಯ ಇಂಜಿನ್ ಅಲ್ಲಿ ನಡೆಯುವುದಿಲ್ಲ.

ಮೂರನೆಯದು ಫ್ಲೆಕ್ಸ್ ಟ್ರ್ಯಾಕ್. ಸುಮಾರು ಒಂದು ಗಜ ಉದ್ದದ ಹಳಿ, ಪೆಕೊದ್ದು 914 ಮಿ.ಮೀ. ಬೇಕಾದ ಹಾಗೆ ಬಗ್ಗಿಸಬಹುದು. ಇದರ ಚೆಲುವೇ ಬೇರೆ. 550 ಮಿ.ಮೀ. ತ್ರಿಜ್ಯದ ಪೂರ್ತಿ ವೃತ್ತಕ್ಕೆ 22.5 ಡಿಗ್ರಿಯ ತುಂಡುಗಳಾದರೆ 16 ಸೇರುವೆ. ಫ್ಲೆಕ್ಸ್‌ನಲ್ಲಿ ನಾಲ್ಕೇ ಸಾಕು. ನೇರದಿಂದ ತಿರುವಿಗೆ ನಿಧಾನವಾಗಿ ಇಳಿಯುವಂತೆ ಹಾಸಬಹುದು. ಆಗ ಉದ್ದದ ಬೋಗಿಗಳು ತಟ್ಟನೆ ಪಕ್ಕಕ್ಕೆ ವಾಲುವುದಿಲ್ಲ. ನಿಜದ ರೈಲು ಊರಾಚೆಯ ತಿರುವಿನಲ್ಲಿ ಹೋದ ಹಾಗೇ ಕಾಣುತ್ತದೆ.

ಆದರೆ ಕೈ ಪಳಗಿರಬೇಕು. ಬಗ್ಗಿಸಿದಾಗ ಒಳಗಿನ ಕಂಬಿ ಮುಂದೆ ಚಾಚಿಕೊಳ್ಳುತ್ತದೆ, ಅದನ್ನು ಕತ್ತರಿಸಿ ಅರ ಹಾಕಿ ನಯ ಮಾಡಬೇಕು. ತಿರುವಿನ ನಡುವೆ ಸೇರುವೆ ಬಂದರೆ ಅಲ್ಲಿ ಮೂಲೆ ಮುರಿದ ಹಾಗಾಗುತ್ತದೆ. ನನಗೆ ಎರಡು ಕಡೆ ಹೀಗಾಗಿ ಇಂಜಿನ್ ಅಲ್ಲೇ ಜಿಗಿಯುತ್ತಿತ್ತು. ಎರಡು ಉದ್ದಗಳನ್ನು ನೇರವಾಗಿರುವಾಗಲೇ ಸೋಲ್ಡರ್ ಮಾಡಿ, ಆಮೇಲೆ ಒಟ್ಟಿಗೆ ಬಗ್ಗಿಸಿದಾಗ ಸರಿಹೋಯಿತು. ಕತ್ತರಿಸಿದ ತುಂಡನ್ನು ಮತ್ತೆ ಉದ್ದ ಮಾಡಲು ಆಗುವುದಿಲ್ಲ. ನಕ್ಷೆ ಇನ್ನೂ ಗಟ್ಟಿಯಾಗದವರಿಗೆ ಇದು ದುಬಾರಿ ಪಾಠ.

ಯಾವ ಬಗೆ ಕೊಂಡರೂ ಪೆಟ್ಟಿಗೆಯ ಮೇಲೆ ಎರಡು ವಿಷಯ ಓದಿ. ಒಂದು, ಕಂಬಿಯ ಲೋಹ. ಪರಿಚಯದವರು ಕೊಟ್ಟ ಒಂದು ಹಳೆಯ ಡಬ್ಬದ ಉಕ್ಕಿನ ಹಳಿಗಳನ್ನು ನಾನು ಬಳಸಿ ನೋಡಿದೆ. ತೇವದ ದಿನಗಳಲ್ಲಿ ತುಕ್ಕು ಹಿಡಿದು ಇಂಜಿನ್ ತಡವರಿಸುತ್ತಾ ನಿಲ್ಲುತ್ತಿತ್ತು. ನಿಕಲ್ ಸಿಲ್ವರ್ ಕೊಳ್ಳಿ. ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಅದೂ ಮಂಕಾಗುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ. ಆಗಾಗ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಎರಡನೆಯದು ಕೋಡ್. ಕೋಡ್ 100 ಅಂದರೆ ಕಂಬಿಯ ಎತ್ತರ ಇಂಚಿನ ಸಾವಿರದಲ್ಲಿ 100 ಭಾಗ, ಸುಮಾರು 2.5 ಮಿ.ಮೀ. ಕೋಡ್ 83 ಸುಮಾರು 2.1 ಮಿ.ಮೀ., ನೋಡಲು ನಾಜೂಕು. ಎರಡನ್ನೂ ಹಾಗೇ ಸೇರಿಸಿದರೆ ಮತ್ತೆ ಅದೇ ಮೆಟ್ಟಿಲು.

ಹಣ ಉಳಿಸಬಾರದ ಜಾಗ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲಿನ ತುಂಡು. ಕಂಬಿಗಳು ಒಂದನ್ನೊಂದು ದಾಟುವ ಜಾಗ ಕೆಲವದರಲ್ಲಿ ಪ್ಲಾಸ್ಟಿಕ್ ಆಗಿರುತ್ತದೆ, ಅಲ್ಲಿ ವಿದ್ಯುತ್ ಇಲ್ಲ. ಉದ್ದದ ಇಂಜಿನ್ ದಾಟಿಬಿಡುತ್ತದೆ, ನಾಲ್ಕು ಗಾಲಿಯ ಪುಟ್ಟ ಇಂಜಿನ್ ನಿಧಾನವಾಗಿ ಬಂದರೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಹತ್ತಿರ ಇರುವ ಅತಿ ಚಿಕ್ಕ ಇಂಜಿನ್ ನೋಡಿಕೊಂಡೇ ಪಾಯಿಂಟ್ ಆರಿಸಿ.

ಹೊಸಬರು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ: ಅಡಿಪಾಯ ಇರುವ ನಿಕಲ್ ಸಿಲ್ವರ್ ಹಳಿ, ಒಂದು ವೃತ್ತ, ಎರಡು ಒಳ್ಳೆಯ ಪಾಯಿಂಟ್. ಕೈಯಲ್ಲಿ ಹಣ ಕಡಿಮೆ ಇದ್ದು, ಹಲಗೆಯ ಮೇಲೆ ಮೊಳೆ ಹೊಡೆಯಲು ಬೇಸರವಿಲ್ಲದಿದ್ದರೆ ಕೋಡ್ 100ರ ಬರೀ ತುಂಡು ಹಳಿಯೂ ಆಗುತ್ತದೆ. ಮುಂದೆ ಅದೇ ಕೋಡ್‌ನ ಫ್ಲೆಕ್ಸ್ ಅದಕ್ಕೆ ಸೇರುತ್ತದೆ ಅನ್ನುವುದು ಅದರ ಲಾಭ. ನನ್ನ ಹಲಗೆಯಲ್ಲಿ ಈಗಲೂ ಮುಖ್ಯ ವೃತ್ತ ಅಡಿಪಾಯದ ಹಳಿಯದ್ದೇ. ಹಿಂಬದಿಯ ಉದ್ದನೆಯ ತಿರುವು ಮಾತ್ರ ಜೋಡಣೆ ತುಂಡು ಹಾಕಿದ ಫ್ಲೆಕ್ಸ್. ಐದು ಬೋಗಿಯೂ ಅಲ್ಲಿ ಒಂದೇ ಗೆರೆ ಎಳೆದಂತೆ ತಿರುಗುತ್ತವೆ.